ಆಹಾರ ಘನವಾಗಿ ಕಾಣುತ್ತಿಲ್ಲ

ಮಾನ್ಯ ಶಿಶುಪೋಷಣಾ ಅಧಿಕಾರಿಗಳೇ,

ನಿಮ್ಮ ಕಚೇರಿ ನನ್ನ ಮೊಮ್ಮಗಳ ಕೊರಳು ಹಿಸುಕಿತು. ನಾನು ಅವಳ ಬೆನ್ನಿಗೆ ಬಾರಿಸಿ ಬದುಕಿಸಿದೆ. ಬಾರಿಸಿದ ತಪ್ಪಿಗೆ ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದೀರಿ. ಹಿಸುಕಿದ ಕೈಗೇನು ಶಿಕ್ಷೆ ಎಂದು ಕೇಳಿದರೆ ನಿಮ್ಮ ಗುಮಾಸ್ತರು ಆ ಕಾಲಂ ನಮ್ಮ ನಮೂನೆಯಲ್ಲಿಲ್ಲ ಅನ್ನುತ್ತಾರೆ. ಕಾಲಂ ಇಲ್ಲದ ಸಂಗತಿಗಳನ್ನು ಬರೆಯಲು ಪತ್ರಿಕೆಯವರು ನನಗೆ ಈ ಜಾಗ ಕೊಟ್ಟಿದ್ದಾರೆ. ವ್ಯಾಕರಣವನ್ನು ಮಗಳು ತಿದ್ದಿದ್ದಾಳೆ. ಸಿಟ್ಟನ್ನು ಮುಟ್ಟಬೇಡ ಎಂದು ಹೇಳಿದ್ದೇನೆ.

ನಾನು ಮಾಂಸದ ಅಂಗಡಿಯವನು. ಮೂವತ್ತೊಂದು ವರ್ಷದಿಂದ ಕುರಿ, ಆಡು ಕಡಿಯುತ್ತಿದ್ದೇನೆ. ಅಂಗಡಿ ಕೆಳಗೆ, ಮನೆ ಮೇಲೆ, ನಡುವೆ ಹದಿನಾಲ್ಕು ಮೆಟ್ಟಿಲು. ಮೇಲಿನ ಕೋಣೆಯ ಕಿಟಕಿ ಪಕ್ಕದಲ್ಲಿ ಮಗಳು ಹೊಲಿಗೆ ಮಿಷನ್ ತುಳಿಯುತ್ತಾಳೆ. ಅಳಿಯ ಲಾರಿ ಓಡಿಸುತ್ತಾನೆ, ಮನೆಗಿಂತ ರಸ್ತೆಯಲ್ಲಿರುವುದೇ ಹೆಚ್ಚು. ಮಗುವಿಗೆ ನಿಮ್ಮ ದಾಖಲೆಯಲ್ಲಿ ಉದ್ದದ ಹೆಸರಿದೆ. ಹುಟ್ಟಿದಾಗ ಇಷ್ಟೇ ಇಷ್ಟಿದ್ದಳು, ಹಾಗಾಗಿ ನಮಗೆ ಅವಳು ಗುಲಗಂಜಿ.

ನೀವು ಕೊಟ್ಟ ಹಳದಿ ಕಾರ್ಡಿನಲ್ಲಿ ಒಂದು ಸಾಲಿದೆ: 'ಆರಕ್ಕೆ ಘನ ಆಹಾರ.' ಆರಕ್ಕೆ ಅಂದರೇನು ಸ್ವಾಮಿ? ಐದು ತಿಂಗಳು ಮುಗಿದ ಮರುದಿನವೇ ನಾವು ಮಗು 'ಆರಕ್ಕೆ ಬಿತ್ತು' ಅನ್ನುತ್ತೇವೆ. ಆರು ಮುಗಿದರೆ 'ಆರು ತುಂಬಿತು' ಅನ್ನುತ್ತೇವೆ. ಬೀಳುವುದಕ್ಕೂ ತುಂಬುವುದಕ್ಕೂ ನಡುವೆ ಇಡೀ ಒಂದು ತಿಂಗಳಿದೆ. ತುಂಬುವ ಹೊತ್ತಿಗೆ ಮಗುವಿನ ಕತ್ತು ಗಟ್ಟಿಯಾಗಬೇಕು, ಒರಗಿಸಿ ಕೂರಿಸಿದರೆ ಕೂರಬೇಕು, ಬಾಯಿಗಿಟ್ಟದ್ದನ್ನೆಲ್ಲ ನಾಲಿಗೆಯಿಂದ ಹೊರಗೆ ದಬ್ಬುವುದನ್ನು ಬಿಡಬೇಕು, ನಮ್ಮ ತಟ್ಟೆ ನೋಡಿ ಕೈ ಚಾಚಬೇಕು. ಮಗಳಿಗೆ ಹೆರಿಗೆ ಮಾಡಿಸಿದ ಡಾಕ್ಟರಮ್ಮ ಇದನ್ನೆಲ್ಲ ಬಿಡಿಸಿ ಹೇಳಿ ಕಳಿಸಿದ್ದರು. ನಿಮ್ಮ ಘನ ಕಚೇರಿಗೆ 'ತುಂಬಿದ ಮೇಲೆ' ಎಂಬ ಎರಡು ಪದ ಅಚ್ಚು ಹಾಕಿಸುವಷ್ಟು ಜಾಗ ಆ ಕಾರ್ಡಿನಲ್ಲಿ ಸಿಗಲಿಲ್ಲ. ನಿಮ್ಮ ಲಾಂಛನಕ್ಕೆ ಮಾತ್ರ ಅರ್ಧ ಪುಟ ಸಿಕ್ಕಿದೆ.

ಸಾಲದ್ದಕ್ಕೆ ಫೋಟೋ. ಆರಕ್ಕೆ ಬಿದ್ದ ಪ್ರತಿ ಮಗುವಿನ ಮೊದಲ ತುತ್ತಿನ ಫೋಟೋ ತಿಂಗಳ ಕೊನೆಯೊಳಗೆ ನಿಮಗೆ ಸೇರಬೇಕು. ನಮ್ಮ ಬೀದಿಗೆ ಬರುವ ಆರೋಗ್ಯ ಸಹಾಯಕಿ ಕೆಟ್ಟ ಹೆಂಗಸಲ್ಲ, ನಿಮಗೆ ಹೆದರಿದ ಹೆಂಗಸು. ಹಿಂದಿನ ತಿಂಗಳು ಪಕ್ಕದ ಬೀದಿಯ ಮಗುವಿಗೆ ಗಂಜಿ ಉಣಿಸಿ ಫೋಟೋ ಕಳಿಸಿದ್ದಳಂತೆ. ಗಂಜಿ ಫೋಟೋದಲ್ಲಿ ಹಾಲಿನ ಹಾಗೆ ಕಂಡಿತು. 'ಆಹಾರ ಘನವಾಗಿ ಕಾಣುತ್ತಿಲ್ಲ, ತಿರಸ್ಕೃತ' ಎಂದು ನಿಮ್ಮ ಕಡೆಯಿಂದ ವಾಪಸು ಬಂತು. ಆಮೇಲೆ ಸಭೆಯಲ್ಲಿ ಎಲ್ಲರೆದುರು ನಿಲ್ಲಿಸಿ ಮಂಗಳಾರತಿ ಎತ್ತಿದರಂತೆ. ಅದಕ್ಕೇ ನಮ್ಮ ಮನೆಗೆ ಬಂದಾಗ ಆಕೆ ಗಂಜಿಯ ಸುದ್ದಿಯನ್ನೇ ಎತ್ತಲಿಲ್ಲ. ಚೀಲದಿಂದ ಸೇಬು ತೆಗೆದಳು. ಸೇಬಿಗಿಂತ ಘನವಾಗಿ ಕಾಣುವುದು ಇನ್ನೇನಿದೆ? ಕಲ್ಲು ಒಂದು ಬಿಟ್ಟು.

ಗುಲಗಂಜಿಗೆ ಅಂದು ಐದು ತಿಂಗಳು ಮೂರು ದಿನ. ಬಾಯಲ್ಲಿ ಹಲ್ಲಿಲ್ಲ, ಕತ್ತು ಇನ್ನೂ ಓಲಾಡುತ್ತಿತ್ತು. ಮಗಳು ಹೇಳಿದಳಂತೆ: "ಆರು ತುಂಬಿಲ್ಲ ಅಕ್ಕಾ. ಕೂರೋಕೂ ಬರಲ್ಲ ಅದಕ್ಕೆ." ಆಕೆ ಹೇಳಿದ್ದು: "ಆರಕ್ಕೆ ಬಿದ್ದಿದೆಯಲ್ಲಮ್ಮ, ಕಾರ್ಡಲ್ಲೂ ಹಾಗೇ ಇದೆ. ತಿನ್ನಿಸೋದು ಬೇಡ, ಬಾಯಿಗೆ ಇಟ್ಟು ತೆಗೀತೀನಿ ಅಷ್ಟೇ." ಮಗಳು ಮಗುವಿನ ಬಾಯಿ ಒರೆಸಲು ಬಟ್ಟೆ ತರಲೆಂದು ತಿರುಗಿದಳು. ಅಷ್ಟರಲ್ಲಿ ಆಕೆ ಮಡಿಲಲ್ಲಿ ಅಂಗಾತ ಮಲಗಿದ್ದ ಮಗುವಿನ ಬಾಯಿಗೆ ಬೆರಳಗಲದ ಚೂರು ಇಟ್ಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದಳು. ಫೋಟೋ ಬಂತು. ಚೂರು ಒಳಗೆ ಜಾರಿತು.

ಮಗು ಕೆಮ್ಮಿದರೆ ಗಾಳಿ ಓಡಾಡುತ್ತಿದೆ ಎಂದು ಅರ್ಥ. ಅವಳು ಕೆಮ್ಮಲಿಲ್ಲ, ಅಳಲಿಲ್ಲ. ಮಗಳು ಕೂಗಿದ್ದು ಕೇಳಿ ನಾನು ಕೈತುಂಬ ರಕ್ತ ಮೆತ್ತಿಕೊಂಡೇ ಮೆಟ್ಟಿಲು ಹಾರಿದೆ. ಮಗುವಿನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಬಾಯಿ ತೆರೆದಿತ್ತು, ಸದ್ದಿಲ್ಲ. ಸಹಾಯಕಿ ಆ ಬಾಯಿಗೆ ಬೆರಳು ತುರುಕಿ ಚೂರನ್ನು ಇನ್ನೂ ಒಳಗೆ ನೂಕುತ್ತಿದ್ದಳು. ಆಕೆಯ ತೋಳು ಹಿಡಿದು ಎಸೆದೆ; ಹೊಲಿಗೆ ಮಿಷನ್ನಿಗೆ ಹಣೆ ಬಡಿದು ಆಕೆ ಅಲ್ಲೇ ಕುಸಿದಳು. ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ, ದವಡೆ ಹಿಡಿದು, ತಲೆ ತಗ್ಗಿಸಿ, ಎರಡು ರೆಕ್ಕೆಮೂಳೆಗಳ ನಡುವೆ ಅಂಗೈ ಬುಡದಿಂದ ಹೊಡೆದೆ. ಕಸಾಯಿಖಾನೆಯಲ್ಲಿ ನಮಗೆಲ್ಲ ಒಮ್ಮೆ ಪ್ರಥಮ ಚಿಕಿತ್ಸೆ ಕಲಿಸಿದ್ದರು. ಅವತ್ತು ಹಿಂದಿನ ಸಾಲಿನಲ್ಲಿ ಕೂತು ನಕ್ಕಿದ್ದವನು ನಾನೇ.

ತಟ್ಟಲಿಲ್ಲ, ಹೊಡೆದೆ. ಒಂದು, ಎರಡು, ಮೂರು. ಬೆನ್ನಿನ ಎಲುಬು ಕೈಗೆ ಸಿಗುತ್ತಿತ್ತು, ಅಂಗೈಯಷ್ಟೂ ಅಗಲವಿಲ್ಲದ ಬೆನ್ನು. ನಾಲ್ಕನೆಯ ಏಟಿಗೆ ಮಗಳು ನನ್ನ ಕೈಗೆ ಜೋತುಬಿದ್ದು, "ಸಾಯಿಸ್ತೀಯಪ್ಪ, ಬಿಡು" ಅಂದಳು. ಹೆತ್ತ ಮಗಳನ್ನು ಕಾಲಿನಿಂದ ಒದ್ದೆ. ಅವಳು ಗೋಡೆಗೆ ಹೋಗಿ ಬಿದ್ದಳು. ಐದನೆಯ ಏಟಿಗೆ ಸೇಬಿನ ಚೂರು ನೆಲಕ್ಕೆ ಬಿತ್ತು, ಅದರ ಹಿಂದೆ ಒಂದು ಎಳೆ ರಕ್ತ, ಅದರ ಹಿಂದೆ ಅಳು. ಆ ಗಳಿಗೆಯಲ್ಲಿ ನೀವು ಎದುರಿಗಿದ್ದಿದ್ದರೆ ಉಳಿದ ಸೇಬನ್ನು ಸಿಪ್ಪೆ ಸಮೇತ ನಿಮ್ಮ ಗಂಟಲಿಗೆ ಇಳಿಸಿ, ಫೋಟೋ ಘನವಾಗಿ ಬಂತೇ ಎಂದು ಕೇಳುತ್ತಿದ್ದೆ. ನೀವಿರಲಿಲ್ಲ, ಪುಣ್ಯವಂತರು. ಫೋನು ಸಿಕ್ಕಿತು. ಅದನ್ನು ಕೆಳಗೆ ಒಯ್ದು ಮಾಂಸ ಕಡಿಯುವ ಕೊರಡಿನ ಮೇಲಿಟ್ಟು ಮಚ್ಚಿನಿಂದ ಎರಡು ಹೋಳು ಮಾಡಿದೆ. ಇದನ್ನು ಒಪ್ಪಿಕೊಳ್ಳುತ್ತೇನೆ, ಪಶ್ಚಾತ್ತಾಪವೇನೂ ಇಲ್ಲ. ಆದರೆ ನಾನು ತಡಮಾಡಿದ್ದೆ. ತೆಗೆದ ಕೂಡಲೇ ತಾನಾಗಿ ಹೋಗುವ ಫೋಟೋ ಆಗಲೇ ನಿಮಗೆ ತಲುಪಿತ್ತು, 'ಸ್ವೀಕೃತ' ಎಂದು ಇಂದಿಗೂ ನಿಮ್ಮ ದಾಖಲೆಯಲ್ಲಿದೆ. ನಮ್ಮ ವಾರ್ಡು ನೂರಕ್ಕೆ ನೂರು ಸಾಧಿಸಿದೆ ಎಂದು ಕೇಳಿದೆ, ಅಭಿನಂದನೆಗಳು.

ಹಣೆಗೆ ಹೊಲಿಗೆ ಹಾಕಿಸಿಕೊಂಡ ಸಹಾಯಕಿ ನಿಮ್ಮ ನಮೂನೆ ತುಂಬಿದಳು. 'ಗಂಟಲಲ್ಲಿ ಆಹಾರ ಸಿಕ್ಕಿಕೊಂಡದ್ದು' ಎಂಬ ಕಾಲಂ ಅದರಲ್ಲಿಲ್ಲ. ಮಗುವಿನ ಮೈಮೇಲೆ ಗಾಯ: ಹೌದು. ಗಾಯ ಮಾಡಿದವರು: ತಾಯಿಯ ತಂದೆ. ಉದ್ಯೋಗ: ಕಟುಕ. ಆಕೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದನ್ನು ಓದಿ ನೀವು ಹೊರಡಿಸಿದ ಆದೇಶದಲ್ಲಿ ಹೀಗಿದೆ: 'ಸದರಿ ವ್ಯಕ್ತಿಯು ಕಟುಕನಾಗಿದ್ದು, ಶಿಶುವಿನ ಬೆನ್ನ ಮೇಲೆ ಐದು ಏಟಿನ ಗುರುತು ಮೂಡುವಂತೆ ಥಳಿಸಿರುತ್ತಾನೆ.' ಕಸುಬಿನ ಕಾಲಂನಲ್ಲಿದ್ದ ಮಾತನ್ನು ನೀವು ಗುಣದ ಮಾತಾಗಿ ಓದಿಕೊಂಡಿರಿ. ನಾನು ಅಕ್ಕಸಾಲಿಗನಾಗಿದ್ದರೆ ಇದು ಅಪಘಾತವಾಗುತ್ತಿತ್ತೇ? ಮೇಷ್ಟರಾಗಿದ್ದರೆ ಸಮಯಪ್ರಜ್ಞೆ ಅನ್ನಿಸಿಕೊಳ್ಳುತ್ತಿತ್ತೇ? ವಿಚಾರಣೆ ಮುಗಿಯುವವರೆಗೆ ನಾನು ಮಗುವಿರುವ ಮನೆಗೆ ಕಾಲಿಡಬಾರದು, ಇಟ್ಟರೆ ಮಗುವನ್ನು ಶಿಶುಗೃಹಕ್ಕೆ ಸಾಗಿಸುತ್ತೀರಿ. ವಿಚಾರಣೆಯನ್ನು ಎರಡು ಸಲ ಮುಂದೂಡಿದ್ದೀರಿ. ನಾನು ಅಂಗಡಿಯಲ್ಲೇ ಗೋಣಿ ಹಾಸಿ ಮಲಗುತ್ತಿದ್ದೇನೆ.

ನನ್ನ ಮಲಗುವ ಜಾಗದ ತಕರಾರಿಗೆ ಈ ಪತ್ರ ಬರೆಯುತ್ತಿಲ್ಲ. ಗುಲಗಂಜಿಗೆ ಈಗ ಏಳೂವರೆ ತಿಂಗಳು. ಕೂರುತ್ತಾಳೆ, ಕತ್ತು ಕಂಬದಂತಿದೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತಾಳೆ. ಅವಸರ ಮಾಡುವುದು ಎಷ್ಟು ತಪ್ಪೋ, ಆರು ತುಂಬಿದ ಮೇಲೆ ತಡಮಾಡುವುದೂ ಅಷ್ಟೇ ತಪ್ಪು. ಎದೆಹಾಲೊಂದೇ ಇನ್ನು ಅವಳಿಗೆ ಸಾಲದು. ಆದರೆ ಮಗಳು ಚಮಚ ಎತ್ತುತ್ತಿಲ್ಲ. ನುಣ್ಣಗೆ ಹಿಚುಕಿದ ಬಾಳೆಹಣ್ಣನ್ನು ತುಟಿಯವರೆಗೆ ತಂದು ವಾಪಸು ಬಟ್ಟಲಿಗೆ ಹಾಕುತ್ತಾಳೆ. ಅಳಿಯ ಉಣಿಸಲು ಹೋದರೆ ಅವನ ಕೈಗೆ ಹೊಡೆಯುತ್ತಾಳೆ. ಮಗುವಿನ ತೂಕ ಎರಡು ತಿಂಗಳಿಂದ ಏರಿಲ್ಲ. ತೂಕ ಏರದ್ದಕ್ಕೆ ಕಾರಣ ಕೇಳಿ ನಿಮ್ಮದೇ ಕಚೇರಿಯಿಂದ ಇನ್ನೊಂದು ನೋಟಿಸು ಬಂದಿದೆ. ನಿನ್ನೆ ಮಗಳು ಕೆಳಗಿಳಿದು ಬಂದು ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದಳು: "ನೀನು ಪಕ್ಕದಲ್ಲಿ ಕೂರಪ್ಪ. ನೀನಿದ್ರೆ ಉಣಿಸ್ತೀನಿ." ಅವಳ ಪಕ್ಕೆಯಲ್ಲಿ ನಾನು ಒದ್ದ ಜಾಗ ಇನ್ನೂ ನೋಯುತ್ತದೆ. ನನಗೆ ಆಗ ಅಳು ಬಂತು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಕಾರ್ಡಿನಲ್ಲಿ 'ಆರು ತಿಂಗಳು ತುಂಬಿದ ಮೇಲೆ, ಮೆತ್ತಗೆ ಹಿಚುಕಿದ್ದು' ಎಂದು ಅಚ್ಚು ಹಾಕಿಸಿ. ಫೋಟೋದ ಹುಚ್ಚು ನಿಲ್ಲಿಸಿ. ಮಗುವಿಗೆ ಉಸಿರು ಕಟ್ಟಿದರೆ ಏನು ಮಾಡಬೇಕೆಂದು ಸಹಾಯಕಿಯರಿಗೆ ಕಲಿಸಿ, ನೀವೂ ಕಲಿಯಿರಿ. ನನ್ನ ಮೇಲಿನ ಆದೇಶ ಹಿಂತೆಗೆಯಿರಿ.

ಅದಕ್ಕೆ ನಿಮಗೆ ಎಷ್ಟು ದಿನ ಬೇಕೋ ತೆಗೆದುಕೊಳ್ಳಿ, ಮಗುವಿನ ಹೊಟ್ಟೆಗೆ ಅಷ್ಟು ಪುರುಸೊತ್ತಿಲ್ಲ. ಈ ಪತ್ರ ಅಚ್ಚಾದ ದಿನ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ಮುಚ್ಚಿ, ಕೈ ತೊಳೆದುಕೊಂಡು ಮೇಲೆ ಹೋಗಿ ನನ್ನ ಮಗಳ ಪಕ್ಕ ಕೂರುತ್ತೇನೆ. ಪೊಲೀಸರನ್ನು ಕಳಿಸುವುದಿದ್ದರೆ ಕಳಿಸಿ. ಬಾಗಿಲು ಬಡಿಯಬೇಡಿ ಎಂದು ಮಾತ್ರ ಹೇಳಿ ಕಳಿಸಿ, ಮಗು ಬೆಚ್ಚಿಬಿದ್ದರೆ ನೆತ್ತಿಗೇರುತ್ತದೆ. ಅವಳು ಉಂಡು ಮುಗಿಸಲಿ, ಆಮೇಲೆ ನಾನಾಗಿಯೇ ಇಳಿದು ಬರುತ್ತೇನೆ.

ಇಂತಿ,
ತಮ್ಮ ಆದೇಶದ ಪ್ರಕಾರ ಮಗುವಿಗೆ ಅಪಾಯಕಾರಿಯಾದ,
ಅವಳ ತಾಯಿಯ ತಂದೆ