ಕಹಿ ಕಡಿಮೆಯಾದ ಪುಡಿ

ಶುಕ್ರವಾರ, ಮಧ್ಯಾಹ್ನ
ಆಸ್ಪತ್ರೆ, ಮೂರನೇ ಮಹಡಿಯ ಬೆಂಚು

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಇಲಿ ಮಾಡುವ ನಮಸ್ಕಾರ. ನಾನು ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ ಕ್ಷೇಮ ಈ ಗೋಡೆಯ ಆಚೆಗಿದೆ. ಉಸಿರು ಸರಿಯಾಗಿದೆ, ನಿದ್ದೆ ಮಾಡುತ್ತಿದ್ದಾರೆ, ಸಂಜೆ ಒಳಗೆ ಬಿಡುತ್ತೇವೆ ಎಂದು ನರ್ಸ್ ಹೇಳಿಹೋದರು. ಸಂಜೆ ನಿನ್ನೆದುರು ನಿಂತರೆ ನನ್ನ ಬಾಯಿಂದ ಒಂದಕ್ಷರವೂ ಹೊರಡುವುದಿಲ್ಲವೆಂದು ನಿನಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಐದನೇ ತರಗತಿಯ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನೆ ಒಂದು ಗಂಟೆಗೆ ಊಟಕ್ಕೆ ಮನೆಗೆ ಬಂದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಹಾಲು ಉಕ್ಕಿ ಒಲೆ ಆರಿಹೋಗಿತ್ತು. ನೀನು ಅಡುಗೆಮನೆಯ ನೆಲದ ಮೇಲೆ ಬೀರುವಿಗೆ ಒರಗಿ ಕೂತಲ್ಲೇ ನಿದ್ದೆ ಹೋದ ಹಾಗಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು. ನನಗೆ ಮೊದಲು ನಗು ಬಂತು ಅಕ್ಕಾ. ಹಾಲು ಒಲೆಗಿಟ್ಟು ನಿದ್ದೆ ಹೊಡೀತಾಳಲ್ಲ ಎಂದುಕೊಂಡು, ಮೊದಲು ಒಲೆ ಒರೆಸಲು ಬಟ್ಟೆ ತೆಗೆದುಕೊಂಡೆ. ಒಲೆ ಒರೆಸಿದೆ. ಪೂರ್ತಿ ಒರೆಸಿದೆ. ಆಮೇಲೆ ತಿರುಗಿ ನಿನ್ನ ತುಟಿ ನೋಡಿದೆ. ಅದಕ್ಕೆ ಬಣ್ಣವೇ ಇರಲಿಲ್ಲ.

ಕ್ಲಿನಿಕ್‌ನವರು ಮಾತ್ರೆ ಹೆಚ್ಚಾಗಿ ಉಸಿರು ನಿಂತರೆ ಹಾಕಿ ಎಂದು ಮೊದಲ ದಿನವೇ ಕೊಟ್ಟಿದ್ದ ಮೂಗಿನ ಸ್ಪ್ರೇ ಕಿಟಕಿಯ ಕಟ್ಟೆಯ ಮೇಲಿತ್ತು. ಅದನ್ನು ನಿನ್ನ ಮೂಗಿಗೆ ಹಾಕಿದ್ದು ನನ್ನ ಕೈಯೇ ಇರಬೇಕು, ನನಗೆ ನೆನಪಿಲ್ಲ. ಕೂಗಿದ್ದು ನೆನಪಿದೆ. ಕೆಳಗಿನ ಸೈಕಲ್ ಅಂಗಡಿಯ ಮಾವ ಎಣ್ಣೆ ಕೈಯಲ್ಲೇ ಓಡಿಬಂದರು, ನಿನ್ನನ್ನು ಮಗ್ಗುಲಿಗೆ ಮಲಗಿಸಿದರು, ಎದೆಯನ್ನೇ ನೋಡುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ, ಬಂತು ಬಂತು, ಉಸಿರು ಬಂತು ಎಂದರು. ಆಂಬುಲೆನ್ಸ್ ಹತ್ತುವಾಗ ನನ್ನ ಮುಖ ನೋಡಿ, "ಆರು ವರ್ಷದಿಂದ ಮೇಲ್ಗಡೆ ಇದ್ದೀಯ, ಒಂದಿನಾನೂ ನಿನ್ನ ದನಿ ಕೇಳಿರ್ಲಿಲ್ಲ ಮಾರಾಯ್ತಿ. ಇವತ್ತು ಬೀದಿ ಆ ಕಡೆ ಬಸ್ಸೇ ನಿಂತೋಯ್ತು" ಎಂದರು. ನನಗೆ ಧೈರ್ಯ ಬರಲಿ ಎಂದು ಹೇಳಿದ್ದು, ಪಾಪ.

ದಾರಿಯಲ್ಲಿ ನಿನಗೆ ಎಚ್ಚರವಾಯಿತು. ನಡುಗುತ್ತಿದ್ದೆ, ಬೆವರುತ್ತಿದ್ದೆ. ನನ್ನ ಕೈ ಹಿಡಿದು ನೀನು ಹೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. "ನಾನು ಒಂದಿನಾನೂ ಮಾತ್ರೆ ತಪ್ಪಿಸಿಲ್ಲ ಕಣೆ ಇಲಿ, ನೀನೇ ಕೊಟ್ಟಿದ್ದೀಯಲ್ಲ. ಆದ್ರೂ ತಡಕೊಳ್ಳಕ್ಕಾಗ್ಲಿಲ್ಲ. ನನ್ನೊಳಗೇ ಏನೋ ಕೆಟ್ಟುಹೋಗಿದೆ."

ನಿನ್ನೊಳಗೆ ಏನೂ ಕೆಟ್ಟಿಲ್ಲ. ಇದನ್ನು ಹೇಳಲಿಕ್ಕೇ ಈ ಕಾಗದ.

ಎರಡು ವರ್ಷದ ಹಿಂದೆ ನಮ್ಮ ಹೊಲಿಗೆ ಅಂಗಡಿಯಲ್ಲಿ ಬಟ್ಟೆಯ ಥಾನು ನಿನ್ನ ಬೆನ್ನಿನ ಮೇಲೆ ಬಿದ್ದಾಗ, ಆಪರೇಷನ್ ಆದಮೇಲೆ ನೋವಿನ ಮಾತ್ರೆ ಬರೆದುಕೊಟ್ಟರು. ನೋವು ಹೋಯಿತು, ಮಾತ್ರೆ ನಿನ್ನನ್ನು ಬಿಡಲಿಲ್ಲ. ಕತ್ತರಿ ಹಿಡಿದರೆ ಗೆರೆ ತಪ್ಪದ ಕೈ ನಿನ್ನದು, ಆ ಕೈ ಸೂಜಿಗೆ ದಾರ ಪೋಣಿಸಲಾರದೆ ಹೋಯಿತು. ಚಟ ಬಿಡಿಸುವ ಕ್ಲಿನಿಕ್‌ಗೆ ನೀನೇ ನಡೆದುಹೋಗಿ ಹೆಸರು ಬರೆಸಿದೆ. ಆಸ್ಪತ್ರೆಗೆ ಸೇರುವುದು ಬೇಡ, ಹಳೇ ಮಾತ್ರೆಯ ಆಸೆ ತಡೆಯಲು ದಿನಾ ಎರಡು ಬೇರೆ ಮಾತ್ರೆ, ಗುರುವಾರ ಗುರುವಾರ ಮೇಡಂ ಜೊತೆ ಮಾತು. ಮಾತ್ರೆಯನ್ನು ಮನೆಯವರೊಬ್ಬರು ಕೈಯಾರೆ ಕೊಡಬೇಕು, ಕಾರ್ಡಿನಲ್ಲಿ ಸಹಿ ಹಾಕಬೇಕು. ನಮ್ಮ ಮನೆಯವರು ಅಂದರೆ ನಾನೊಬ್ಬಳೇ.

ಮೊದಲ ಎರಡು ತಿಂಗಳು ನೀನು ಎಷ್ಟು ಚೆನ್ನಾಗಿದ್ದೆ. ಆಸೆ ಅಲೆಯ ಹಾಗೆ ಏರುತ್ತದೆ, ಕಾದರೆ ಇಳಿಯುತ್ತದೆ ಎಂದು ಗುರುವಾರದ ಮೇಡಂ ಕಲಿಸಿದ್ದನ್ನು ನನಗೂ ಪಾಠ ಮಾಡುತ್ತಿದ್ದೆ. ಮತ್ತೆ ಅಂಗಡಿಗೆ ಬಂದೆ. ಗುಂಡಿಗೆ ಕಾಜಾ ಹಾಕುವ ಅತ್ತೆಯನ್ನು ಎಷ್ಟು ರೇಗಿಸುತ್ತಿದ್ದೆ.

ಆ ಅತ್ತೆಯೇ ಒಂದು ದಿನ ನೀನಿಲ್ಲದಾಗ ಎಲ್ಲರೆದುರು ಅಂದರು, "ಅವಳೆಲ್ಲಿ ಬಿಟ್ಟಳು? ಒಂದು ಮಾತ್ರೆ ಬಿಟ್ಟು ಇನ್ನೊಂದು ಮಾತ್ರೆ ಹಿಡ್ಕೊಂಡಳು. ಗಂಡನ್ನ ಬಿಟ್ಟು ಮೈದುನನ್ನ ಕಟ್ಕೊಂಡ ಹಾಗೆ." ಎಲ್ಲರೂ ನಕ್ಕರು. ನಾನು ತಲೆ ಬಗ್ಗಿಸಿ ಕೆಲಸ ಮಾಡಿದೆ. ನನ್ನ ಕೆಲಸ ನಿನಗೆ ಗೊತ್ತಲ್ಲ, ಹಳೇ ಹೊಲಿಗೆ ಬಿಚ್ಚುವುದು. ಒಂದೇ ಸಲ ಎಳೆದರೆ ಬಟ್ಟೆ ಹರಿಯುತ್ತದೆ. ಒಂದೊಂದೇ ಎಳೆ ಕತ್ತರಿಸುತ್ತ ಹೋದರೆ ಅಲ್ಲಿ ಹೊಲಿಗೆ ಇತ್ತೆಂಬುದೇ ತಿಳಿಯುವುದಿಲ್ಲ. ನಿನ್ನನ್ನೂ ಹಾಗೇ ಬಿಡಿಸಬಹುದು ಅನಿಸಿತು.

ಬೇಗ ಕರಗಲೆಂದು ಮಾತ್ರೆಯನ್ನು ಪುಡಿ ಮಾಡಿ ನಾಲಿಗೆಯ ಕೆಳಗೆ ಹಾಕುವುದನ್ನು ನರ್ಸ್ ನನಗೆ ತೋರಿಸಿಕೊಟ್ಟಿದ್ದರು. ನಾನು ಎರಡರ ಬದಲು ಒಂದೂವರೆ ಪುಡಿ ಮಾಡಿದೆ. ಹತ್ತು ದಿನ ಬಿಟ್ಟು ಒಂದು. ಈಚೆಗೆ ಅರ್ಧ. ಪುಡಿ ಕಡಿಮೆ ಕಾಣಬಾರದೆಂದು ಗ್ಲೂಕೋಸ್ ಬೆರೆಸಿದೆ. ಕಾರ್ಡಿನಲ್ಲಿ ಎರಡು ಎಂದೇ ಸಹಿ ಹಾಕಿದೆ. ಪ್ರತಿದಿನ ನೀನು ಮುಖ ಎತ್ತಿ, ಕಣ್ಣು ಮುಚ್ಚಿ, ನಾಲಿಗೆ ಎತ್ತಿ ಕೂರುತ್ತಿದ್ದೆ. ಅದು ಕರಗುವ ಹತ್ತು ನಿಮಿಷ ನೀನು ಮಾತಾಡುವಂತಿಲ್ಲ. ಆ ಹೊತ್ತು ನಮ್ಮ ಮನೆಯಲ್ಲಿ ಬಾಯಿ ಬಿಡಬಹುದಾದವಳು ನಾನೊಬ್ಬಳೇ. ಆಗಲೂ ನಾನು ಹೇಳಲಿಲ್ಲ. ಒಂದು ದಿನ ಬಾಯಿ ಒರೆಸಿಕೊಂಡು ಎಷ್ಟು ಖುಷಿಯಲ್ಲಿ ಅಂದೆ, "ಇವತ್ತು ಕಹಿ ಕಮ್ಮಿ ಇದೆ ಕಣೆ. ವಾಸಿಯಾಗ್ತಿದ್ದೀನಿ ಅನ್ಸುತ್ತೆ."

ಆಮೇಲಿನದು ನಿನಗೇ ಗೊತ್ತು. ಬೆವರು, ಕಾಲು ಸೆಳೆತ, ನಿದ್ದೆಯಿಲ್ಲ. ಅಲೆ ಇಳಿಯುತ್ತಲೇ ಇಲ್ಲವೆಂದು ನೀನು ಗುರುವಾರದ ಮೇಡಂ ಮುಂದೆ ಅತ್ತುಬಿಟ್ಟೆ. ಮಂಗಳವಾರ ಕ್ಲಿನಿಕ್‌ನ ಡಾಕ್ಟರು ಪರೀಕ್ಷೆಯ ಕಾಗದ ಹಿಡಿದು, ಹಳೇ ಮಾತ್ರೆ ಮೈಯಲ್ಲಿದೆ, ನಾವು ಕೊಟ್ಟದ್ದು ಇರಬೇಕಾದಷ್ಟಿಲ್ಲ, ಮಾರಿಕೊಳ್ಳುತ್ತಿದ್ದರೆ ಹೆಸರು ತೆಗೆಯಬೇಕಾಗುತ್ತದೆ ಎಂದರು. ಹಳೇ ಮಾತ್ರೆಯನ್ನು ನೀನು ಒಪ್ಪಿಕೊಂಡೆ. ಇನ್ನೊಂದಕ್ಕೆ ನನ್ನ ಕಡೆ ಕೈ ತೋರಿಸಿದೆ. "ಇವಳು ಎಣಿಸಿ ಕೊಡ್ತಾಳೆ ಡಾಕ್ಟ್ರೇ. ನಾನು ಬೇಕಾದ್ರೆ ಸುಳ್ಳು ಹೇಳೇನು, ನನ್ನ ತಂಗಿಗೆ ಸುಳ್ಳು ಹೇಳಕ್ಕೂ ಬಾಯಿ ಬರಲ್ಲ."

ನಾನು ನೆಲ ನೋಡಿದೆ. ನಾಚಿಕೆ ಸ್ವಭಾವ ಎಂದು ಡಾಕ್ಟರೂ ನನ್ನನ್ನು ಬಿಟ್ಟುಬಿಟ್ಟರು. ಅದಾಗಿ ಎರಡೇ ದಿನಕ್ಕೆ ನೀನು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಹಳೇ ಮಾತ್ರೆಯನ್ನು ಹಿಂದಿನಷ್ಟೇ ನುಂಗಿದ್ದೆ, ಅಷ್ಟನ್ನು ತಡೆಯುವ ಅಭ್ಯಾಸ ಮೈಗೆ ಈಗ ತಪ್ಪಿತ್ತು ಎಂದು ಇಲ್ಲಿಯವರು ಹೇಳಿದರು. ಅವರು ಹೇಳುತ್ತಿದ್ದರೆ ನಾನು ಅವರ ಕೋಟಿನ ಗುಂಡಿ ನೋಡುತ್ತಿದ್ದೆ. ಒಂದು ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. ನನ್ನ ತಲೆಯಲ್ಲಿ ಅದೊಂದೇ ಓಡುತ್ತಿತ್ತು.

ತಿಳಿಯದೆ ಮಾಡಿದೆ ಅಕ್ಕಾ. ಈ ಕಾಗದವನ್ನು ಮೊದಲು ಡಾಕ್ಟರಿಗೆ ತೋರಿಸಿ ಆಮೇಲೆ ನಿನಗೆ ಕೊಡುತ್ತೇನೆ. ನಿನ್ನ ಹೆಸರು ಉಳಿಯಬೇಕು. ನೀನು ಉಳಿಯಬೇಕು. ನನ್ನನ್ನು ಏನು ಮಾಡುತ್ತಾರೋ ಮಾಡಲಿ.

ನಿನ್ನ
ಇಲಿ

ತಾ.ಕ.: ಈಗ ನಾಲ್ಕೂವರೆ. ಕ್ಲಿನಿಕ್‌ನ ಡಾಕ್ಟರು ಇಲ್ಲಿಗೇ ಬಂದು ಓದಿದರು, ಎರಡು ಸಲ. ನಿನ್ನ ಹೆಸರು ತೆಗೆಯುವುದಿಲ್ಲ, ಇಲ್ಲಿಂದ ಬಿಟ್ಟ ಮೇಲೆ ಔಷಧಿ ಸರಿಯಾದ ಅಳತೆಗೆ ತರುತ್ತಾರೆ, ಗುರುವಾರದ ಮೇಡಂ ನಾಳೆಯೇ ಬಂದು ನಿನ್ನ ಜೊತೆ ಕೂರುತ್ತಾರೆ ಎಂದರು. ಆಮೇಲೆ ಕಾಗದ ಮಡಚಿ ಕೇಳಿದರು, "ಕಡಿಮೆ ಮಾಡೋದು ನನ್ನ ಕೆಲಸ, ನೀನು ಕೈ ಹಾಕ್ಬೇಡ, ಜೀವಕ್ಕೇ ಅಪಾಯ ಅಂತ ಮೊದಲ ದಿನ ಹೇಳಿದ್ದೆ. ಆಗ ನಿನಗೆ ಅರ್ಥವಾಗಿರ್ಲಿಲ್ವೇನಮ್ಮ?" ಮೆಲ್ಲಗೆ ಕೇಳಿದರು. ಇಲ್ಲ ಎಂದು ತಲೆಯಾಡಿಸಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಅರ್ಥವಾಗಿತ್ತು ಡಾಕ್ಟ್ರೇ ಅಂದೆ. ಅವರು ಕೊಟ್ಟ ಹಾಳೆಯನ್ನೂ ಮನೆಯಲ್ಲಿ ಪೂರ್ತಿ ಓದಿದ್ದೆ. ಆದರೂ ಅವರೆಲ್ಲರಿಗಿಂತ ನಿನ್ನನ್ನು ನಾನೇ ಬಲ್ಲೆ ಅಂದುಕೊಂಡೆ. ಹುಟ್ಟಿದಾಗಿನಿಂದ ನನ್ನನ್ನು ಸಾಕಿದವಳು ನೀನು, ನಿನ್ನನ್ನು ವಾಸಿ ಮಾಡಿದವಳು ಇಲಿ ಎಂದು ಒಂದು ಸಲ ಜನ ಹೇಳಲಿ ಎಂದಿತ್ತು. ಮೇಲೆ ತಿಳಿಯದೆ ಎಂದು ಬರೆದಿದ್ದೇನೆ, ಅದನ್ನು ಹೊಡೆದುಹಾಕಿ ಓದು. ಕಾರ್ಡಿನಿಂದ ನನ್ನ ಸಹಿ ತೆಗೆದರು. ಇನ್ನು ಮೇಲೆ ದಿನಾ ಬೆಳಿಗ್ಗೆ ಕ್ಲಿನಿಕ್ಕಿನ ಕಿಟಕಿಯಲ್ಲಿ ನರ್ಸ್ ಕೈಯಿಂದಲೇ ನಿನಗೆ ಮಾತ್ರೆ. ಆ ಕಿಟಕಿಯವರೆಗೆ ನಾನು ಜೊತೆಗೆ ಬರಲೋ ಬೇಡವೋ, ನೀನು ಹೇಳಿದ ಹಾಗೆ.