ಹಸರ ಪರಕಾರದ ಮಡಿಕಿ

ಕಸ್ತೂರಿ ಅಪ್ಪಾರಿಗೆ,

ಅಕ್ಕನ ಕಡೆ ಖಾನಾಪುರಕ್ಕ ಹೊಂಟೇನಿ. ನಾಳೆ ಸಂಜಿ ಬಸ್ಸಿಗೆ ಬರತೇನಿ. ಹಾಲು ಕಾಸಿ ಇಟ್ಟೇನಿ, ರೊಟ್ಟಿ ಬುಟ್ಟ್ಯಾಗ ಅದಾವು. ಕಿರಾಣಿ ಅಂಗಡಿಂದ ಬೆಲ್ಲ ತರ್ರಿ. ಕರೇ ಬೆಲ್ಲ ಕೊಟ್ರ ಒಲ್ಲೆ ಅನ್ರಿ. ನಿಮಗ ಯಾರಿಗೂ ಒಲ್ಲೆ ಅನ್ನಾಕ ಬರೂದಿಲ್ಲ.

ಬೆಲ್ಲ ಆ ಸ್ಟೀಲ್ ಡಬ್ಬ್ಯಾಗ ಹಾಕಬ್ಯಾಡ್ರಿ. ಬರೂ ಮುಂದ ಕುಂಬಾರರ ಕಡೆ ಒಂದು ಮಣ್ಣಿನ ಭರಣಿ ತರತೇನಿ. ನಮ್ಮ ಕೂಸು ಕಸ್ತೂರಿ ತೀರಿಕೊಂಡ ಮ್ಯಾಲ ಅಕಿ ಅರಿವಿ ಕಂಡಾಗೆಲ್ಲಾ ನಾ ಅಳತೇನಂತ, ನನಗ ಹೇಳದನ ಎಲ್ಲಾ ಗಂಟು ಕಟ್ಟಿ, ಹಳೇ ಅರಿವಿಗೆ ಭಾಂಡೆ ಕೊಡಾಕಿಗೆ ಹಾಕಿ ಆ ಡಬ್ಬಿ ತಗೊಂಡ್ರಿ. ನಿಮ್ಮ ಮನಸ್ಸು ನನಗ ಗೊತ್ತೈತಿ. ಸಿಟ್ಟಿಲ್ಲ ಅಂದ್ರ ಮಾತ್ರ ಸುಳ್ಳಾಗತೈತಿ. ಅದರ ಮುಚ್ಚಳ ತಗಿಯಾಕ ನನ್ನ ಕೈ ಏಳವಲ್ದು.

ನಿನ್ನೆ ಖಡೇಬಜಾರದ ಬಾಜೂಕ ಆ ಭಾಂಡೆಯಾಕಿ ಗಂಟು ಮಾರೂ ಹಳೇ ಅರಿವಿ ಅಂಗಡಿಗೆ ಹೋಗಿದ್ದೆ. ಕಸ್ತೂರಿಗಂತ ನಾ ಕೈಯಾರೆ ಹೊಲದ ಹಸರ ಪರಕಾರ, ಅಕಿ ಲಂಗ, ಬಾಗಿಲಾಗ ತೂಗ್ಯಾಡತಿತ್ತು. ತಿರುಗಿ ಕೊಂಡು ತರಬೇಕಂತ ಚೀಲಕ್ಕ ಕೈ ಹಾಕಿದ್ದೆ. ಅಷ್ಟರಾಗ ಪೀರನವಾಡಿ ಕಡೆಯಾಕಿ ಒಬ್ಬಾಕಿ ಅದನ್ನ ಇಳಿಸಿ ತನ್ನ ಮಗಳ ಟೊಂಕಕ್ಕ ಹಿಡದು ನೋಡಿದ್ಲು. ಆ ಹುಡುಗಿ ಎರಡೂ ಕೈಲೆ ಅದನ್ನ ಹಿಡಕೊಂಡಾಕಿ ಬಿಡಲೇ ಇಲ್ಲ.

"ಬೆಳಿಯೂ ಹುಡುಗಿ. ಮುಂದ ಇದನ್ನ ಉದ್ದ ಮಾಡಾಕ ಬರತೈತೇನ್ರಿ ಅಕ್ಕಾರ?" ಅಂತ ನನ್ನ ಕೇಳಿದ್ಲು.

ನಾ ಚೀಲದಾಗಿನ ಕೈ ತಗದೆ.

"ಬರತೈತಿ ತಂಗಿ," ಅಂದೆ. "ಒಳಗ ಇನ್ನೂ ಎರಡು ವರ್ಷಕ್ಕ ಸಾಕಾಗೂವಷ್ಟು ಅರಿವಿ ಮಡಚಿ ಹೊಲದೇನಿ."

ಕಸ್ತೂರಿ ಅವ್ವ