ಎಡಮೂಲೆಯ ಲೆಟ್

ಭಾನುವಾರ, ಜುಲೈ ೧೩

ಪ್ರೀತಿಯ ಗಿಡ್ಡನಿಗೆ,

ಆರಡಿ ಬೆಳೆದು ತಲೆಗೂದಲು ಉದುರುವ ಕಾಲ ಬಂದರೂ ಗಿಡ್ಡ ಅನ್ನುತ್ತಾಳಲ್ಲ ಅಂತ ಮುಖ ಊದಿಸಬೇಡ. ಕಾಗದ ತಡವಾಯಿತು. ಶಾಲೆಗಳು ಶುರುವಾಗುವ ಹೊತ್ತಿನಲ್ಲಿ ಸಮವಸ್ತ್ರ ಹೊಲಿಸುವವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ ಅನ್ನುವುದು ಅರ್ಧ ನಿಜ. ಇನ್ನರ್ಧ ಏನೆಂದರೆ, ನಿನಗೆ ಬರೆಯುವಂಥದ್ದು ಕೈಗೆ ಬರಲಿ ಅಂತ ಕಾದೆ. ಬಂದಿದೆ. ನಿನ್ನ ಅಕ್ಕ ಈಗ ಅಧಿಕೃತ ಸ್ಕ್ವಾಷ್ ರೆಫರಿ. ಗುರುತಿನ ಚೀಟಿಯಲ್ಲಿರುವ ಫೋಟೋ ನೋಡಿದರೆ ಈ ಹೆಂಗಸನ್ನು ನಾನೇ ನನ್ನ ಅಂಗಡಿಯೊಳಗೆ ಬಿಟ್ಟುಕೊಳ್ಳಲಾರೆ.

ನಗು. ಎಲ್ಲರೂ ನಕ್ಕರು. ಹೊಲಿಗೆ ಮಿಷಿನ್ನಿನ ಮುಂದೆ ಕೂರುವ ಹುಡುಗಿಯರಂತೂ ‘ಅಮ್ಮಾವ್ರೇ, ಇನ್ಮೇಲೆ ನಮಗೂ ಪಾಯಿಂಟ್ ಹಾಕ್ತೀರಾ?’ ಅಂತ ಶುರುಮಾಡಿದ್ದಾರೆ. ನನಗೆ ಬೇಕಾಗಿದ್ದದ್ದು ನಿನ್ನ ನಗು. ನಿಮ್ಮ ಭಾವ ಹೋದಂದಿನಿಂದ ನೀನು ನನ್ನ ಹೊಸ್ತಿಲು ತುಳಿದಿಲ್ಲ. ಫೋನ್ ಮಾಡಿದರೆ ‘ಮೀಟಿಂಗಲ್ಲಿದೀನಿ ಅಕ್ಕಾ’. ಭಾನುವಾರವೂ ಬಿಡದೆ ಮೀಟಿಂಗ್ ನಡೆಸುವ ಆ ಪುಣ್ಯಾತ್ಮರನ್ನು ಒಮ್ಮೆ ನೋಡಬೇಕು ನಾನು. ಈ ಕಾಗದ ನಿನ್ನನ್ನು ಕರೆಸಿಕೊಳ್ಳಲಿಕ್ಕೇ ಬರೆದದ್ದು, ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಕತ್ತರಿಸಿದರೆ ಬಟ್ಟೆ ದಂಡ.

ಮೊದಲ ದಿನ ಹೊಸ ಸೀಟಿ ಕೊಂಡು, ದಾರ ಕಟ್ಟಿ, ಕೊರಳಿಗೆ ಹಾಕಿಕೊಂಡು ಹೋದೆ. ತರಬೇತಿ ಕೊಡುವ ಮೇಡಂ ಹಳೆಯ ರೆಫರಿ, ಸೂಜಿಯಂಥ ಹೆಂಗಸು. ಸೀಟಿಯನ್ನೇ ದಿಟ್ಟಿಸಿ, ‘ನೀವೇನು ಬಸ್ ಹೊರಡಿಸ್ಬೇಕಾ? ಈ ಆಟದಲ್ಲಿ ಸೀಟಿ ಇಲ್ಲ. ನಿಮ್ಮ ಗಂಟಲೇ ಸೀಟಿ’ ಅಂದರು. ಗಂಟಲಿಗೆ ನಮ್ಮ ವಂಶದಲ್ಲಿ ಎಂದು ಕೊರತೆಯಾಗಿತ್ತು?

ನಿನಗೆ ಗೊತ್ತಿರುವುದೇ, ಆದರೂ ಹೊಸದಾಗಿ ಕಲಿತವಳ ಚಪಲ. ಒಂದೇ ಕೋಣೆಯಲ್ಲಿ ಇಬ್ಬರೂ ಒಂದೇ ಗೋಡೆಗೆ ಚೆಂಡು ಹೊಡೆಯುವ ಆಟ. ಹಾಗಾಗಿ ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬರುವುದೇ ಅದರ ಸಂಸಾರ. ದಾರಿ ಸಿಗದವರು ಬ್ಯಾಟು ತಡೆದು ‘ಲೆಟ್ ಪ್ಲೀಸ್’ ಅನ್ನಬೇಕು. ರೆಫರಿ ‘ಲೆಟ್’ ಅಂದರೆ ಆ ಪಾಯಿಂಟನ್ನು ಮೊದಲಿಂದ ಆಡುತ್ತಾರೆ. ‘ನೋ ಲೆಟ್’ ಅಂದರೆ ಕೇಳಿದವರು ಪಾಯಿಂಟ್ ಕಳೆದುಕೊಂಡರು. ‘ಸ್ಟ್ರೋಕ್’ ಅಂದರೆ ಪಾಯಿಂಟ್ ಕೇಳಿದವರಿಗೇ. ‘ತಪ್ಪಾದ್ರೂ ಪರವಾಗಿಲ್ಲ, ಏನಾದ್ರೂ ಹೇಳಿ. ಬಾಯಿ ಮುಚ್ಕೊಂಡು ಕೂರಬೇಡಿ. ಕೇಳಿದವರಿಗೆ ಉತ್ತರ ಸಿಗದೆ ಆಟ ಮುಂದಕ್ಕೆ ಹೋಗಲ್ಲ’ ಅಂತ ಮೇಡಂ ಪ್ರತಿ ತರಗತಿಯಲ್ಲೂ ಹೇಳುತ್ತಿದ್ದರು. ನನಗೆ ನಿಮ್ಮ ಭಾವನ ನೆನಪು. ಕೊನೆಯವರೆಗೂ ಅವರ ನಾಲಿಗೆಗೆ ‘ಪ್ಲೀಸ್’ ಹೊರಳಲೇ ಇಲ್ಲ, ‘ಪಿಲೀಸು’. ‘ಭಾವ, ಪೊಲೀಸರನ್ನ ಕರೀತಿದೀರಾ?’ ಅಂತ ನೀನು ಊಟಕ್ಕೆ ಕೂತಾಗಲೂ ಬಿಡದೆ ಕಾಡುತ್ತಿದ್ದೆ.

ತರಬೇತಿ ನಡೆದದ್ದು ನಿಮ್ಮ ಕ್ಲಬ್ಬಿನಲ್ಲೇ, ಹಿಂದುಗಡೆ ಗಾಜಿನ ಗೋಡೆಯಿರುವ, ನೀನೂ ಭಾವನೂ ಆಡುತ್ತಿದ್ದ ಆ ಕೋರ್ಟಿನಲ್ಲೇ. ಬೆಚ್ಚಬೇಡ, ಮುಂದೆ ಓದು.

ನಿಯಮಗಳ ಪರೀಕ್ಷೆ ಸಲೀಸಾಗಿ ಮುಗಿಯಿತು. ಆಮೇಲೆ ಮೇಡಂ ನನ್ನನ್ನು ಗಾಜಿನ ಹಿಂದೆ ಕೂರಿಸಿ, ‘ಚೆಂಡು ನೋಡೋ ಚಟ ಬಿಡಿ, ಕಾಲು ನೋಡಿ’ ಅಂದರು. ಕ್ಲಬ್ಬಿನ ಆಟಗಾರ್ತಿ ಹುಡುಗಿಯೊಬ್ಬಳು ಒಳಗೆ ಚೆಂಡಿಲ್ಲದೆ ಆಡುತ್ತಿದ್ದಳು. ನಡುವಿನಿಂದ ಮೂಲೆಗೆ ಓಡುವುದು, ಗಾಳಿಗೆ ಬ್ಯಾಟು ಬೀಸುವುದು, ಮತ್ತೆ ನಡುವಿಗೆ. ಈ ಅಭ್ಯಾಸಕ್ಕೆ ಘೋಸ್ಟಿಂಗ್ ಅಂತಲೇ ಹೆಸರಂತೆ, ದೆವ್ವದ ಆಟ. ಮೂರು ಮೂಲೆಗೂ ಅವಳು ಗೆರೆ ಎಳೆದಷ್ಟು ನೇರ ಹೋದಳು. ಹಿಂದಿನ ಎಡಮೂಲೆಗೆ ಮಾತ್ರ ಬಳಸಿಕೊಂಡು ಹೋದಳು, ಬಳಸಿಕೊಂಡೇ ಬಂದಳು. ದಾರಿಯಲ್ಲಿ ಯಾರೋ ಮಲಗಿದ್ದರೆ ನಾವು ಸುತ್ತಿ ಹೋಗುತ್ತೇವಲ್ಲ, ಹಾಗೆ.

ಹೊರಗೆ ಬಂದಾಗ ಕೇಳಿದೆ. ‘ಹೌದಾ ಆಂಟಿ? ನಾನು ನೇರ ಹೋಗ್ತೀನಿ ಅನ್ಕೊಂಡಿದ್ದೆ’ ಅಂದಳು. ತೋರಿಸ್ತೀನಿ ನೋಡಿ ಅಂತ ಮತ್ತೆ ಒಳಗೆ ಹೋದಳು. ಕಾಲು ತಾನಾಗಿ ತಿರುಗಿತು. ನಕ್ಕಳು. ಇನ್ನೊಮ್ಮೆ ಹೋದಳು, ನೆಲವನ್ನೇ ನೋಡಿಕೊಂಡು. ಮತ್ತೆ ತಿರುಗಿತು. ಈ ಸಲ ನಗಲಿಲ್ಲ. ‘ಲೇಟಾಯ್ತು ಆಂಟಿ’ ಅಂತ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು.

ಬಟ್ಟೆ ಎಲ್ಲಿ ಸವೆದಿದೆ, ಎಲ್ಲಿ ಸವೆದಿಲ್ಲ ಅಂತ ನೋಡಿಯೇ ಹೊಟ್ಟೆ ಹೊರೆದವಳು ನಾನು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಗ್ಗಿ ನೋಡಿದೆ. ಮರದ ನೆಲದ ತುಂಬ ಬೂಟಿನ ಕಪ್ಪು ಗೀರು. ಎಡಮೂಲೆಯ ಹತ್ತಿರ ಮಾತ್ರ, ಒಬ್ಬ ಮನುಷ್ಯ ಮಗ್ಗುಲಾಗಿ ಮೊಣಕಾಲು ಮಡಚಿ ಮಲಗಿದಷ್ಟು ಜಾಗ, ಹೊಸ ಮರದ ಹಾಗೆ ಹೊಳೆಯುತ್ತಿತ್ತು. ನಿಮ್ಮ ಭಾವ ಕುಸಿದ ಜಾಗವನ್ನು ನನಗೆ ಯಾರೂ ತೋರಿಸಿರಲಿಲ್ಲ. ಇನ್ನು ತೋರಿಸುವುದು ಬೇಕಾಗಿಯೂ ಇರಲಿಲ್ಲ. ಅಂಗೈಯಿಟ್ಟೆ. ನೆಲ ಬೆಚ್ಚಗಿತ್ತು.

ಕೊನೆಯ ಪರೀಕ್ಷೆ ಕ್ಲಬ್ಬಿನ ಪಂದ್ಯಾವಳಿಯಲ್ಲಿ. ನಾನು ರೆಫರಿಯ ಕುರ್ಚಿಯಲ್ಲಿ, ಪಕ್ಕದಲ್ಲಿ ಪರೀಕ್ಷಕರು. ಕೈಯಲ್ಲಿ ಪೆನ್ನು, ಮುಖದಲ್ಲಿ ಕಲ್ಲು. ಒಳಗೆ ಅದೇ ಹುಡುಗಿ; ಎದುರಾಳಿ ಬೇರೆ ಊರಿನ ಆಟಗಾರ್ತಿ, ಈ ಕ್ಲಬ್ಬನ್ನೇ ಕಂಡವಳಲ್ಲ. ಮೊದಲ ಎರಡು ಗೇಮು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಸಿದೆ. ಮೂರನೆಯದರಲ್ಲಿ ಚೆಂಡು ಎಡಮೂಲೆಗೆ ಬಿತ್ತು. ಹೊರಗಿನವಳು ಓಡಿ ಬಂದು, ಬ್ಯಾಟು ಎತ್ತಿ, ಹಾಗೇ ನಿಂತುಬಿಟ್ಟಳು. ನಮ್ಮ ಹುಡುಗಿ ಇದ್ದದ್ದು ಆ ಕೊನೆಯಲ್ಲಿ, ಮುಂಗೋಡೆಯ ಹತ್ತಿರ.

‘ಲೆಟ್ ಕೇಳ್ತಿದೀರಾ?’ ಅಂದೆ.

‘ನಾನಲ್ಲ ಮೇಡಂ. ಅವರು ಕೇಳಿದ್ರಲ್ಲ, ಅದಕ್ಕೇ ನಿಲ್ಸಿದೆ.’

‘ನಾನಾ? ನಾನು ಬಾಯೇ ಬಿಡಲಿಲ್ಲ!’ ಅಂತ ಹುಡುಗಿ ಅಲ್ಲಿಂದಲೇ ಕಿರುಚಿದಳು.

ಹೊರಗಿನವಳು ಹಿಂದೆ ತಿರುಗಿ ನೋಡಿದಳು. ಹಿಂದೆ ಗಾಜು, ಗಾಜಿನಾಚೆ ನಾನು. ‘ಯಾರೋ ಗಂಡಸರು... ಇಲ್ಲೇ, ಕಾಲ ಹತ್ರ. ಮೇಲುಸಿರು ಬಿಡ್ತಾ ಲೆಟ್ ಪಿಲೀಸು ಅಂದ್ರು’ ಅಂದಳು.

ಪಿಲೀಸು. ಅವಳು ಹಾಗೇ ಅಂದಳು, ಗಿಡ್ಡಾ.

ಪರೀಕ್ಷಕರ ಪೆನ್ನು ನಿಂತಿತು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಕುರ್ಚಿಯಿಂದ ಎದ್ದು, ನಮ್ಮ ವಂಶದ ಗಂಟಲೆಲ್ಲ ಸೇರಿಸಿ ‘ಲೆಟ್!’ ಅಂದೆ. ಆ ಪಾಯಿಂಟ್ ಮತ್ತೆ ಆಡಿದರು. ಯಾರು ಗೆದ್ದರೋ, ನನ್ನನ್ನು ಕೇಳಬೇಡ.

ಆಮೇಲೆ ಪರೀಕ್ಷಕರು, ‘ಯಾವ ನಿಯಮದ ಮೇಲೆ ಕೊಟ್ರಿ?’ ಅಂದರು. ಆಟಗಾರರ ಗಮನ ಬೇರೆಯದರಿಂದ ಕದಡಿದರೆ ಲೆಟ್ ಕೊಡಬಹುದು ಅಂದೆ. ‘ಸರಿ. ಆದ್ರೆ ನನಗೇನೂ ಕೇಳಿಸ್ಲಿಲ್ಲವಲ್ಲ?’ ‘ನಿಮ್ಮನ್ನ ಕೇಳಿದ್ದಲ್ಲ ಸಾರ್, ರೆಫರಿಯನ್ನ ಕೇಳಿದ್ದು’ ಅಂದೆ. ಸಹಿ ಹಾಕಿದರು.

ಇಷ್ಟೇ ಸಮಾಚಾರ. ನಿನ್ನ ಹೆಂಡತಿಯನ್ನು ಕೇಳಿದೆ ಅಂತ ಹೇಳು. ಮಗುವಿನ ಅಂಗಿಯ ಅಳತೆ ಕಳಿಸು. ನಿನ್ನ ಅಳತೆ ನನ್ನ ಹತ್ತಿರವೇ ಇದೆ, ಹೊಟ್ಟೆ ಬಂದಿದ್ದರೆ ಮಾತ್ರ ತಿಳಿಸು. ನಿನ್ನ ಎದೆ ಹಗುರಾಗಲಿ, ರಾತ್ರಿ ಕಣ್ತುಂಬ ನಿದ್ದೆ ಬರಲಿ, ನಿನ್ನ ಮನೆ ತಣ್ಣಗಿರಲಿ.

ಇಂತಿ ನಿನ್ನ
ಅಕ್ಕ

ಮರೆತಿದ್ದೆ. ಇಲ್ಲ, ಮರೆತದ್ದಲ್ಲ, ಇದನ್ನು ಬರೆಯಲಿಕ್ಕೇ ಮೇಲಿನದೆಲ್ಲ ಬರೆದದ್ದು. ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ನನ್ನ ಕೈ ಹಿಡಿದು, ‘ಅಕ್ಕಾ, ಭಾವ ಬಿದ್ದಲ್ಲಿಂದಲೇ ಲೆಟ್ ಕೇಳಿದ್ರು. ನಾಟಕ ಆಡ್ಬೇಡಿ, ನೋ ಲೆಟ್ ಅಂದ್ಬಿಟ್ಟೆ’ ಅಂದೆ. ಆಮೇಲೆ ನನ್ನ ಮುಖ ನೋಡಲಿಲ್ಲ. ಆ ಪದದ ಅರ್ಥವೇ ನನಗೆ ಗೊತ್ತಿರಲಿಲ್ಲ ಕಣೋ, ನಿನಗೆ ಏನು ಸಮಾಧಾನ ಹೇಳಲಿ? ಅದನ್ನು ತಿಳಿಯಲಿಕ್ಕೇ ತರಬೇತಿಗೆ ಸೇರಿದ್ದು. ಈಗ ತಿಳಿಯಿತು. ರೆಫರಿಯಿಲ್ಲದ ಕೋರ್ಟಿನಲ್ಲಿ ನೀನು ಅಂದದ್ದು ಎದುರಾಳಿಯ ಮಾತು, ತೀರ್ಪಲ್ಲ. ಅವರು ಕೇಳಿದ್ದಕ್ಕೆ ಉತ್ತರವೇ ಸಿಕ್ಕಿರಲಿಲ್ಲ, ಅದಕ್ಕೇ ಅಲ್ಲಿಂದ ಏಳಲಿಲ್ಲ. ಈಗ ಸಿಕ್ಕಿದೆ.

ನಿನ್ನೆ ಬೆಳಿಗ್ಗೆ ಹೋಗಿ ನೋಡಿದೆ. ಮಲಗಿದಷ್ಟಗಲದ ಆ ಹೊಳಪು ಈಗಿಲ್ಲ. ಅಲ್ಲೇ ಸ್ವಲ್ಪ ಮುಂದೆ, ಎದುರಾಳಿಯ ಸರ್ವಿಸ್‌ಗೆ ಕಾಯುವವರು ನಿಲ್ಲುವ ಕಡೆ, ಎರಡು ಪಾದದಷ್ಟು ಹೊಳಪಿದೆ. ಎಡಪಾದ ಹೊರಕ್ಕೆ ತಿರುಗಿದೆ, ಅವರು ನಿಲ್ಲುತ್ತಿದ್ದ ಹಾಗೇ. ಲೆಟ್ ಕೊಟ್ಟ ಮೇಲೆ ಆ ಪಾಯಿಂಟನ್ನು ಮೊದಲಿಂದ ಆಡಬೇಕಲ್ಲ. ಬ್ಯಾಟು ತಗೊಂಡು ಬಾ. ಗಾಜಿನ ಹಿಂದೆ ನಾನಿರುತ್ತೇನೆ. ಸರ್ವಿಸ್ ನಿನ್ನದು.